ಕ್ಯಾಮೆರಾ ಕೊಳ್ಳುವ ಮೊದಲು ಆ ಅಂಗಡಿಯವರೊಂದಿಗೆ ಮಾತನಾಡಿ

ರಸ್ತೆ ಅಗಲೀಕರಣ ಶುರುವಾಗುವ ಮೊದಲು ನಿಮ್ಮೂರ ಪೇಟೆ ಬೀದಿಯ ಹಳೆಯ ಅಂಗಡಿಗಳ ಚಿತ್ರ ತೆಗೆದಿಡಲು ಫೋನ್ ಸಾಕೇ, ಒಳ್ಳೆಯ ಕ್ಯಾಮೆರಾ ಬೇಕೇ ಎಂದು ಕೇಳಿದ್ದೀರಿ. ನಾನು ಕ್ಯಾಮೆರಾ ಕೊಂಡವನು.

ನಾನು ಓದಿದ್ದು 1980ರ ದಶಕದ ಮೈಸೂರಿನಲ್ಲಿ. ಶಾಲೆ ತೆರೆಯುವ ವಾರ ಅಪ್ಪ ನನ್ನನ್ನು ಚಿಕ್ಕಗಡಿಯಾರ ಗೋಪುರದ ಬಳಿಯ ಲ್ಯಾನ್ಸ್‌ಡೌನ್ ಕಟ್ಟಡಕ್ಕೆ ಕರೆದೊಯ್ಯುತ್ತಿದ್ದರು. ದೇವರಾಜ ಮಾರುಕಟ್ಟೆಯ ಮಲ್ಲಿಗೆ, ವೀಳ್ಯದೆಲೆ, ಬಾಳೆಹಣ್ಣಿನ ವಾಸನೆ ದಾಟಿ ಆ ಕಮಾನುಗಳ ನೆರಳಿಗೆ ಬಂದರೆ, ಹಳೆಯ ಪುಸ್ತಕದ ಅಂಗಡಿಗಳು. ಹೋದ ವರ್ಷದ ಪುಸ್ತಕ ಕೊಟ್ಟು ಈ ವರ್ಷದ್ದನ್ನು ಅರ್ಧ ಬೆಲೆಗೆ ತರುವುದು ನಮ್ಮ ಮನೆಯ ಪದ್ಧತಿ. ನಾವು ಹೋಗುತ್ತಿದ್ದ ಅಂಗಡಿಯ ಯಜಮಾನರು ಪ್ರತಿ ಪುಸ್ತಕವನ್ನೂ ಹಿಂದಿನಿಂದ ತಿರುವಿ ನೋಡುತ್ತಿದ್ದರು. ನಮ್ಮ ಲೆಕ್ಕದ ಮೇಷ್ಟ್ರು ವರ್ಷದ ಆರಂಭದಲ್ಲಿಯೇ ಪುಸ್ತಕದ ಕೊನೆಯ ಉತ್ತರಗಳ ಹಾಳೆಯನ್ನು ನಮ್ಮಿಂದ ಹರಿದು ಹಾಕಿಸುತ್ತಿದ್ದುದರಿಂದ, "ನಿಮ್ಮ ಮೇಷ್ಟ್ರಿಗೆ ಹೇಳಪ್ಪ, ಇದರಿಂದ ನನಗೆ ಎಂಟಾಣೆ ನಷ್ಟ" ಎನ್ನುತ್ತ ಬಿಸ್ಕತ್ತಿನ ಡಬ್ಬಿ ತೆರೆದು, ಎಂದೋ ಕೂಡಿಟ್ಟ ಬಿಡಿ ಹಾಳೆಗಳಲ್ಲಿ ಸರಿಯಾದುದನ್ನು ಹುಡುಕಿ, ಮೈದಾ ಅಂಟು ಸವರಿ ಅಲ್ಲಿಯೇ ಅಂಟಿಸುತ್ತಿದ್ದರು.

2011ರಲ್ಲಿ, ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ ನಾನು, ಇವೆಲ್ಲ ಉಳಿಯಲಿ ಎಂದು ಕ್ಯಾಮೆರಾ ಕೊಂಡು ಮೈಸೂರಿಗೆ ಬಂದೆ. ನನ್ನ ತಪ್ಪನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಆಗ ಅದು ನನಗೆ ಜಾಣತನವಾಗಿ ಕಂಡಿತ್ತು. ಜನ, ಸ್ಕೂಟರು, ತೂಗುಹಾಕಿದ ವಾರಪತ್ರಿಕೆಗಳು ಅಡ್ಡಬರುತ್ತವೆಂದು ಭಾನುವಾರ ಬೆಳಗಿನ ಆರು ಗಂಟೆಯನ್ನು ಆರಿಸಿಕೊಂಡೆ. ಕಂಬ, ಕಮಾನುಗಳು ಚೆನ್ನಾಗಿ ಬರಲೆಂದು ಅಂಗಡಿಗಳ ಬೋರ್ಡುಗಳನ್ನು ಬೇಕೆಂದೇ ಚೌಕಟ್ಟಿನಿಂದ ಹೊರಗಿಟ್ಟೆ. ತಗಡಿನ ಮೇಲೆ ಕೈಯಲ್ಲಿ ಬರೆದ ಆ ಬೋರ್ಡುಗಳು ಕಟ್ಟಡದ ಅಂದ ಕೆಡಿಸುತ್ತವೆ ಎಂದು ನಂಬಿದ್ದೆ. ಅಂದು ತೆಗೆದ ಎಂಬತ್ತು ಚಿತ್ರಗಳೂ ಸುಂದರವಾಗಿವೆ. ಒಂದರಲ್ಲಿಯೂ ತೆರೆದ ಬಾಗಿಲಿಲ್ಲ, ಮನುಷ್ಯನಿಲ್ಲ, ಯಾವ ಬಾಗಿಲು ಯಾರದೆಂದು ತಿಳಿಸುವ ಒಂದಕ್ಷರವಿಲ್ಲ. ಹಿಂದಿನ ದಿನ ಸಂಜೆ ಆ ಯಜಮಾನರು ಸ್ಟೂಲು ಸರಿಸಿ "ಕೂತ್ಕೊಳ್ಳಿ" ಎಂದಿದ್ದರು. ದಸರಾಕ್ಕೆ ಬಂದಾಗ ಸಾವಕಾಶವಾಗಿ ಕೂರುತ್ತೇನೆ ಎಂದು ಹೇಳಿ ಹೊರಟೆ. ಆ ದಸರಾಕ್ಕೆ ಊರಿಗೆ ಹೋಗಲಿಲ್ಲ.

2012ರ ಆಗಸ್ಟ್ 25ರಂದು ಆ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು. ಅಂಗಡಿಗಳು ಖಾಲಿಯಾದವು. ನಮ್ಮ ಯಜಮಾನರು ಎಲ್ಲಿಗೆ ಹೋದರೆಂದು ಅಕ್ಕಪಕ್ಕದಲ್ಲಿ ವಿಚಾರಿಸಲು ಹೋದಾಗ, ಅವರ ಹೆಸರೇ ನನಗೆ ಗೊತ್ತಿಲ್ಲವೆಂಬುದು ಅರಿವಾಯಿತು. ನಾಲ್ಕು ವರ್ಷಗಳ ನಂತರ, ಮತ್ತೊಂದು ಆಗಸ್ಟ್‌ನಲ್ಲಿ, ದೇವರಾಜ ಮಾರುಕಟ್ಟೆಯ ಧನ್ವಂತರಿ ರಸ್ತೆಯ ಕಡೆಯ ಭಾಗವೂ ಬಿತ್ತು.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಕೈಯಲ್ಲಿರುವ ಫೋನ್ ಸಾಕು. ನಿಮಗೆ ಬೇಕಾಗಿರುವುದು ಒಂದು ನೋಟ್‌ಬುಕ್. ವ್ಯಾಪಾರ ನಡೆಯುವ ಹೊತ್ತಿನಲ್ಲಿ ಹೋಗಿ, ಬೋರ್ಡುಗಳನ್ನು ಓದಲು ಬರುವಂತೆ ಚಿತ್ರ ತೆಗೆಯಿರಿ. ಬೀದಿಯ ಎರಡೂ ಬದಿಯ ಅಂಗಡಿಗಳನ್ನು ಸಾಲಾಗಿ ಬರೆದುಕೊಳ್ಳಿ. ಏನಾದರೂ ಕೊಂಡು, ಮಧ್ಯಾಹ್ನ ಮೂರರ ಸುಮಾರಿಗೆ ಗಿರಾಕಿಗಳು ಕಡಿಮೆಯಾದಾಗ ಕುಳಿತು, ಈ ಮಳಿಗೆಯಲ್ಲಿ ನಿಮಗಿಂತ ಮೊದಲು ಯಾರಿದ್ದರು ಎಂದು ಕೇಳಿ. ಆ ಒಂದು ಪ್ರಶ್ನೆಗೆ ವ್ಯಾಪಾರಿಗಳು ಮನಬಿಚ್ಚಿ ಮಾತನಾಡುತ್ತಾರೆ. ಹೆಸರನ್ನು ಮೊದಲು ಬರೆದುಕೊಳ್ಳಿ.

ಹಳೆಯದು ಮಾತ್ರ ದಾಖಲೆಗೆ ಯೋಗ್ಯ ಎಂಬ ನಿಮ್ಮ ಎಣಿಕೆಯೂ ತಪ್ಪು. ಲ್ಯಾನ್ಸ್‌ಡೌನ್ ಕಟ್ಟಡ 1892ರದು ಎಂಬ ಗೌರವದಿಂದ ಅದರ ಕಂಬಗಳನ್ನೆಲ್ಲ ಚಿತ್ರಿಸಿದ ನಾನು, ಹೊಸಬರೆಂದು ಎಸ್‌ಟಿಡಿ ಬೂತನ್ನೂ ಕ್ಯಾಸೆಟ್ ಅಂಗಡಿಯನ್ನೂ ಬಿಟ್ಟುಬಿಟ್ಟೆ. ನನ್ನ ಹೈಸ್ಕೂಲಿನ ಸಂಜೆಗಳೆಲ್ಲ ಕಳೆದದ್ದು ಆ ಕ್ಯಾಸೆಟ್ ಅಂಗಡಿಯ ಮುಂದೆ. ನಿಮ್ಮ ಬೀದಿಯ ಮೊಬೈಲ್ ರಿಪೇರಿಯವರನ್ನೂ ಮಾತನಾಡಿಸಿ. ಬರುವ ಶನಿವಾರವೇ ಹೋಗಿ, ಹಬ್ಬದ ರಜೆಗೆಂದು ಮುಂದೂಡಬೇಡಿ. ಯಾರಾದರೂ ಸ್ಟೂಲು ಸರಿಸಿದರೆ ದಯವಿಟ್ಟು ಕುಳಿತುಕೊಳ್ಳಿ.