ಅಂಚೆಯಲ್ಲಿ ಕೊಂಡ ಮನೆ: ಲೇಖಕರಿಗೊಂದು ಉತ್ತರ

ನಮಸ್ಕಾರ,

ನೂರು ವರ್ಷದ ಹಿಂದೆ ಅಮೆರಿಕನ್ನರು ಕ್ಯಾಟಲಾಗ್ ನೋಡಿ, ಅಂಚೆಯಲ್ಲಿ ಆರ್ಡರ್ ಕಳಿಸಿ, ಇಡೀ ಮನೆಯನ್ನೇ ತರಿಸಿಕೊಳ್ಳುತ್ತಿದ್ದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಹಾಕಲಾಗುವುದಿಲ್ಲ. ವಿಷಯ ಗಟ್ಟಿಯಾಗಿದೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲೆರಡು ಪುಟ ಬರೀ ಬೆರಗು. ಮನೆ ರೈಲಿನಲ್ಲಿ ಬಂತಲ್ಲ ಎಂದು ಮತ್ತೆ ಮತ್ತೆ ಅಚ್ಚರಿಪಡುತ್ತೀರಿ. ಬಂದ ಮರ ಮನೆಯಾಗಿ ಎದ್ದದ್ದು ಹೇಗೆ ಎಂಬುದಕ್ಕೆ ಒಂದೇ ಸಾಲು. ನನಗೆ ಬೇಕಾದ ಲೇಖನ ಆ ಸಾಲಿನಲ್ಲಿದೆ. ತೊಲೆ, ಜಂತಿಗಳೆಲ್ಲ ಕಾರ್ಖಾನೆಯಲ್ಲೇ ಅಳತೆಗೆ ಕೊಯ್ದು ಬರುತ್ತಿದ್ದವು. ತುಂಡಿನ ಮೇಲೆ ಒಂದು ಅಕ್ಷರ, ಪಕ್ಕದಲ್ಲಿ ಅಂಕಿ. ನಕ್ಷೆಯಲ್ಲೂ ಅದೇ ಗುರುತು. ಗುರುತು ಕೂಡಿಸಿ ಮೊಳೆ ಹೊಡೆದರಾಯಿತು, ಗರಗಸದ ಕೆಲಸ ಬಹುಪಾಲು ಮುಗಿದೇ ಇರುತ್ತಿತ್ತು. ಇವತ್ತಿಗೂ ಅಂಥ ಮನೆ ಇರಬಹುದೆಂದು ಅನುಮಾನವಿದ್ದವರು ಟಾರ್ಚ್ ಹಿಡಿದು ನೆಲಮಾಳಿಗೆಗಿಳಿದು ತೊಲೆಗಳ ಮೇಲೆ ಆ ಮೊಹರು ಹುಡುಕುತ್ತಾರೆ. ನಾನಾಗಿದ್ದರೆ ಅಲ್ಲಿಂದಲೇ ಶುರು ಮಾಡುತ್ತಿದ್ದೆ.

ವಿನ್ಯಾಸದ ಬಗ್ಗೆ 'ಸರಳ, ಸುಂದರ' ಎಂದು ಬರೆದು ಕೈತೊಳೆದುಕೊಂಡಿದ್ದೀರಿ. ಸರಳ ಯಾಕೆ? ಚೌಕಾಕಾರದ ಮನೆಗೆ ಮೂಲೆ ಕಡಿಮೆ, ವ್ಯರ್ಥವಾಗುವ ಮರ ಕಡಿಮೆ. ಬಂಗಲೆ ಮಾದರಿಗಳಲ್ಲಿ ಮುಂಬಾಗಿಲು ತೆಗೆದರೆ ಸಾಮಾನ್ಯವಾಗಿ ನೇರ ಹಾಲ್. ಓಡಾಡುವ ಕಾರಿಡಾರ್‌ಗೆ ಜಾಗ ದಂಡ ಮಾಡುತ್ತಿರಲಿಲ್ಲ. ಬೇಕಾದವರಿಗೆ ಅದೇ ನಕ್ಷೆಯನ್ನು ಎಡಬಲ ತಿರುಗಿಸಿಯೂ ಕೊಡುತ್ತಿದ್ದರು. ತೀರಾ ಅಗ್ಗದ ಮಾದರಿಗಳಲ್ಲಿ ಬಚ್ಚಲೇ ಇರಲಿಲ್ಲ. ನೀವು ಆರಿಸಿಕೊಂಡಿರುವ 'ಮ್ಯಾಗ್ನೋಲಿಯಾ' ಎತ್ತರದ ಕಂಬಗಳ ಶ್ರೀಮಂತ ಮಾದರಿ. ಕೊಂಡವರು ಬೆರಳೆಣಿಕೆಯಷ್ಟು ಜನ. ಅದನ್ನೇ ಉದಾಹರಣೆಯಾಗಿ ಇಟ್ಟರೆ ಓದುಗ ದಾರಿ ತಪ್ಪುತ್ತಾನೆ.

ಇನ್ನು ತಪ್ಪುಗಳು. ಎಲ್ಲವನ್ನೂ ಅಂಚೆಯಲ್ಲಿ ಸಾಮಾನು ಮಾರುತ್ತಿದ್ದ ಸಿಯರ್ಸ್ ಕಂಪನಿಯ ಖಾತೆಗೆ ಬರೆದಿದ್ದೀರಿ. ಸಿಯರ್ಸ್ ಮನೆಗಳ ಕ್ಯಾಟಲಾಗ್ ತಂದದ್ದು 1908ರಲ್ಲಿ. ಇಂಥದೇ ಮನೆ ಮಾರುತ್ತಿದ್ದ, ಮಿಶಿಗನ್ ರಾಜ್ಯದ ಬೇ ಸಿಟಿಯ ಅಲ್ಲಾದಿನ್ ಕಂಪನಿ 1906ರಲ್ಲೇ ಹುಟ್ಟಿತ್ತು. ಮರವನ್ನು ಅಳತೆಗೆ ಕೊಯ್ದು ಕಳಿಸುವ ಪದ್ಧತಿ ಸಿಯರ್ಸ್‌ನಲ್ಲಿ ಶುರುವಾದದ್ದೂ ಕೆಲವು ವರ್ಷ ತಡವಾಗಿ. 'ಎಲ್ಲವೂ ಪೆಟ್ಟಿಗೆಯಲ್ಲಿತ್ತು' ಅನ್ನುವುದೂ ಸರಿಯಲ್ಲ: ನಿವೇಶನ ಕೊಂಡವರದೇ, ಅಡಿಪಾಯದ ಇಟ್ಟಿಗೆ ಸಿಮೆಂಟು ಊರಲ್ಲೇ ಹೊಂದಿಸಿಕೊಳ್ಳಬೇಕಿತ್ತು.

ಸಾಲದ ವಿಷಯವನ್ನಂತೂ ಬಿಟ್ಟೇಬಿಟ್ಟಿದ್ದೀರಿ. ಸಿಯರ್ಸ್ ಮನೆ ಮಾರಿದ್ದಷ್ಟೇ ಅಲ್ಲ, ಅದಕ್ಕೆ ಸಾಲವನ್ನೂ ಕೊಟ್ಟಿತು. ಮೂವತ್ತರ ದಶಕದ ಮಹಾ ಆರ್ಥಿಕ ಕುಸಿತದಲ್ಲಿ ಜನ ಕಂತು ಕಟ್ಟಲಾಗದೆ ಹೋದಾಗ, ಅಂಗಿ, ಬಕೆಟ್ಟು, ಹೊಲಿಗೆಯಂತ್ರ ಮಾರುವ ಅಂಗಡಿಯೇ ತನ್ನ ಗಿರಾಕಿಗಳ ಮನೆ ಜಪ್ತಿ ಮಾಡಬೇಕಾಗಿ ಬಂತು. 1940ರಲ್ಲಿ ಮನೆಗಳ ಕೊನೆಯ ಕ್ಯಾಟಲಾಗ್ ಬಂತು, ಆಮೇಲೆ ಈ ವ್ಯಾಪಾರವೇ ನಿಂತಿತು. ಇದಕ್ಕೆ ಅರ್ಧ ಪುಟ ಕೊಡಿ. ಜಾಗ ಬೇಕಿದ್ದರೆ ಬೆಂಗಳೂರಿನ ಅಪಾರ್ಟ್‌ಮೆಂಟುಗಳನ್ನು ಬೈದ ಕೊನೆಯ ಪುಟ ಪೂರ್ತಿ ತೆಗೆಯಿರಿ. ಸಿಟ್ಟು ನ್ಯಾಯವಾದದ್ದೇ, ಆದರೆ ಅದು ಬೇರೆ ಲೇಖನ.

ಇಲಿನಾಯ್ ರಾಜ್ಯದ ಕಾರ್ಲಿನ್‌ವಿಲ್ ಪ್ಯಾರಾ ಹಾಗೇ ಇರಲಿ. ತೈಲ ಕಂಪನಿಯೊಂದು ತನ್ನ ಗಣಿ ಕೆಲಸಗಾರರಿಗೆಂದು ಒಂದೂವರೆ ನೂರರಷ್ಟು ಸಿಯರ್ಸ್ ಮನೆ ತರಿಸಿದ ಕಥೆಯನ್ನು ಉದ್ಗಾರವಿಲ್ಲದೆ ಹೇಳಿದ್ದೀರಿ. ಉಳಿದದ್ದನ್ನೂ ಆ ಧಾಟಿಗೆ ತನ್ನಿ. ತಿದ್ದಿದ ಪ್ರತಿಯ ಜೊತೆ ಒಂದು ಸಣ್ಣ ಮಾದರಿಯ ನೆಲನಕ್ಷೆಯನ್ನೂ ಕಳಿಸಿ, ಫೋಟೋಗಳು ಸಾಕಷ್ಟಿವೆ.

— ಸಂ.