ಓದುಗರ ಪ್ರಶ್ನೆ: ಅಯ್ಯನಕೆರೆಗೆ ಹೋಗುವ ಮುನ್ನ

ಪ್ರಶ್ನೆ: ಚಿಕ್ಕಮಗಳೂರು ಜಿಲ್ಲೆಯ ಸಖರಾಯಪಟ್ಟಣದ ಬಳಿಯ ಅಯ್ಯನಕೆರೆಯನ್ನು ಚಿತ್ರಗಳಲ್ಲಿ ನೋಡಿದ್ದೇನೆ. ಸುತ್ತಲೂ ಬೆಟ್ಟ, ನಡುವೆ ನೀರು. ಯಾರೋ ಕಟ್ಟಿದ ಕೆರೆಯಂತೆ ಕಾಣುವುದೇ ಇಲ್ಲ. ಇದು ತಾನಾಗಿ ಆದ ಸರೋವರವೇ? ಏರಿ ಒಡೆಯದಿರಲೆಂದು ಕೆರೆ ಕಾಯುವ ನೀರಗಂಟಿಯನ್ನೇ ಕೊಲ್ಲಿಸಿದರೆಂಬ ಕಥೆಯನ್ನು ನಮ್ಮ ಅಜ್ಜಿ ಹೇಳುತ್ತಿದ್ದರು. ಅದರಲ್ಲಿ ನಿಜವೆಷ್ಟು?
– ಓದುಗರೊಬ್ಬರು, ಬೇಲೂರು

ಉತ್ತರ: ತಾನಾಗಿ ಆದ ಸರೋವರವಲ್ಲ, ಆದರೆ ನಿಮಗೆ ಹಾಗೆ ತೋರಿದ್ದು ಸಹಜ. ಬಾಬಾಬುಡನ್ ಗಿರಿಶ್ರೇಣಿಯ ಪೂರ್ವದ ತಪ್ಪಲಿನಲ್ಲಿ, ಮುಳ್ಳಯ್ಯನಗಿರಿಯ ಕಡೆಯಿಂದ ಇಳಿದುಬರುವ ಗೌರಿಹಳ್ಳಕ್ಕೆ ಬೆಟ್ಟಗಳ ನಡುವಿನ ಇಕ್ಕಟ್ಟಾದ ಜಾಗವನ್ನು ನೋಡಿ ಅಡ್ಡಲಾಗಿ ಏರಿ ಹಾಕಿದ್ದಾರೆ. ಏರಿ ಇರುವುದು ಒಂದು ಕಡೆ ಮಾತ್ರ. ಉಳಿದ ಕಡೆಗಳಲ್ಲಿ ಬೆಟ್ಟಗಳೇ ದಡವಾಗಿರುವುದರಿಂದ, ಹಿಂದೆ ಶಕುನಗಿರಿಯ ಚೂಪು ಶಿಖರ ನಿಂತಿರುವ ಆ ನೋಟದಲ್ಲಿ ಮನುಷ್ಯರ ಕೆಲಸ ಕಣ್ಣಿಗೆ ಬೀಳುವುದಿಲ್ಲ. ಕಟ್ಟಿಸಿದವನು ಸಖರಾಯಪಟ್ಟಣವನ್ನು ಆಳಿದ ರುಕ್ಮಾಂಗದರಾಯನೆಂದು ಪ್ರತೀತಿ. ಹೊಯ್ಸಳರ ಕಾಲದಲ್ಲಿ ಜೀರ್ಣೋದ್ಧಾರವಾಯಿತೆಂದೂ ಹೇಳುತ್ತಾರೆ. ದಡದಲ್ಲಿ ಬಲ್ಲಾಳೇಶ್ವರನ ಗುಡಿಯಿದೆ.

ನಿಮ್ಮ ಅಜ್ಜಿ ಹೇಳಿದ ಕಥೆಯನ್ನು ಕೇಳದ ಓದುಗರಿಗಾಗಿ ಅದನ್ನು ಚಿಕ್ಕದಾಗಿ ಹೇಳುತ್ತೇನೆ. ಮಳೆಗಾಲದ ಒಂದು ರಾತ್ರಿ ಕೆರೆ ತುಂಬಿ ತುಳುಕುತ್ತಿರುವಾಗ ಗಂಗಮ್ಮ ನೀರಗಂಟಿಗೆ ಕಾಣಿಸಿಕೊಂಡು, ಇನ್ನು ತಾನು ಇಲ್ಲಿ ನಿಲ್ಲಲಾರೆ, ಏರಿ ಒಡೆದು ಹೊರಡುತ್ತೇನೆ ಎನ್ನುತ್ತಾಳೆ. ಅರಸನಿಗೆ ತಿಳಿಸಿ ಬರುವವರೆಗೆ ತಡೆಯಬೇಕೆಂದು ಅವನು ಬೇಡಿಕೊಳ್ಳುತ್ತಾನೆ, ಆಕೆ ಒಪ್ಪುತ್ತಾಳೆ. ಸುದ್ದಿ ಕೇಳಿದ ಅರಸ, ಇವನು ಮರಳಿ ಹೋಗದಿದ್ದರೆ ಗಂಗೆ ಮಾತಿಗೆ ಕಟ್ಟುಬಿದ್ದು ಎಂದೆಂದಿಗೂ ಅಲ್ಲೇ ನಿಲ್ಲುವಳೆಂದು ಲೆಕ್ಕ ಹಾಕಿ, ಆ ನೀರಗಂಟಿಯನ್ನು ಕೊಲ್ಲಿಸುತ್ತಾನೆ. ಈ ಕಥೆ ಹಳೆಯ ಮೈಸೂರು ಗೆಜೆಟಿಯರ್‌ನಲ್ಲಿಯೂ ದಾಖಲಾಗಿದೆ.

ಇದನ್ನು ಇತಿಹಾಸವೆಂದು ಸಾಧಿಸಲಾಗದು. ಆದರೆ ಮಣ್ಣಿನ ಏರಿಯ ಸ್ವಭಾವ ಬಲ್ಲವರಿಗೆ ಕಥೆಯ ಮೊದಲ ಭಾಗ ಚೆನ್ನಾಗಿ ಅರ್ಥವಾಗುತ್ತದೆ. ಏರಿ ಒಮ್ಮೆಲೇ ಒಡೆಯುವುದು ಕಡಿಮೆ. ಏಡಿ ಕೊರೆದ ಬಿಲವೋ, ಸತ್ತ ಮರದ ಬೇರು ಕೊಳೆತು ಉಳಿದ ಪೊಳ್ಳೋ ದಾರಿಯಾಗಿ, ಏರಿಯ ಹಿಂಬದಿಯಲ್ಲಿ ಮೊದಲು ತಿಳಿನೀರು ಜಿನುಗುತ್ತದೆ. ಆ ನೀರು ಯಾವಾಗ ಕೆಂಪಾಗುತ್ತದೆಯೋ ಆಗ ಅದು ಒಳಗಿನ ಮಣ್ಣನ್ನು ಹೊತ್ತು ತರುತ್ತಿದೆ ಎಂದು ತಿಳಿಯಬೇಕು, ಅಲ್ಲಿಂದ ಮುಂದೆ ಕೆಲವೇ ಗಂಟೆಗಳಲ್ಲಿ ಏರಿ ಕುಸಿಯಬಹುದು. ಇದನ್ನು ನೋಡಲೆಂದೇ ನೀರಗಂಟಿ ಮಳೆಯ ರಾತ್ರಿಗಳಲ್ಲಿ ಏರಿಯ ಉದ್ದಕ್ಕೂ ತಿರುಗುತ್ತಿದ್ದ. ತೂಬು ಎತ್ತುವುದು, ಗದ್ದೆಗೆ ಸರದಿಯಂತೆ ನೀರು ಹಂಚುವುದು, ಹೆಚ್ಚಾದ ನೀರು ಹೊರಹೋಗುವ ಕೋಡಿಗೆ ಕಸ ಕಟ್ಟದಂತೆ ನೋಡಿಕೊಳ್ಳುವುದು ಎಲ್ಲವೂ ಅವನ ಹೊಣೆಯಾಗಿತ್ತು. ಅಪಾಯ ಊರಿನಲ್ಲಿ ಎಲ್ಲರಿಗಿಂತ ಮೊದಲು ಅವನಿಗೇ ತಿಳಿಯುತ್ತಿತ್ತು ಎಂಬುದನ್ನು ಜನರು ಗಂಗಮ್ಮ ಅವನಿಗೇ ಕಾಣಿಸಿಕೊಂಡಳೆಂದು ಹೇಳಿದ್ದಾರೆ.

ಈ ಕಥೆಯನ್ನು ಅರಸನ ಜಾಣ್ಮೆಯ ಕಥೆಯಾಗಿ ಹೇಳುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಗಂಗೆ ಕೊಟ್ಟ ಮಾತನ್ನು ನಡೆಸಿದಳು, ನೀರಗಂಟಿ ತನ್ನ ಕೆಲಸವನ್ನು ನಡೆಸಿದ, ತಪ್ಪಿದವನು ಅರಸನೊಬ್ಬನೇ. ಕೆರೆಯ ಕೆಳಗೆ ಉಣ್ಣುವವರೆಲ್ಲ ಒಬ್ಬ ಬಡ ಕೆಲಸಗಾರನ ಋಣದಲ್ಲಿದ್ದಾರೆಂಬ ನೆನಪನ್ನು ಕಥೆ ಕಾಪಾಡಿಕೊಂಡು ಬಂದಿದೆ. ನಿಮ್ಮ ಮಕ್ಕಳಿಗೂ ಹಾಗೆಯೇ ಹೇಳಿ.

ಆ ಕೆರೆಯ ಕೆಳಗೆ ಉಣ್ಣುವವರು ಸಖರಾಯಪಟ್ಟಣದ ಸುತ್ತಿನವರಷ್ಟೇ ಅಲ್ಲ. ಇಲ್ಲಿಂದ ಹೊರಟ ನೀರು ವೇದಾ ಎಂಬ ಹೆಸರಿನಲ್ಲಿ ಕಡೂರಿನತ್ತ ಹರಿದು, ಮದಗದ ಕೆರೆಯನ್ನು ತುಂಬಿ ಬರುವ ಅವತಿಯನ್ನು ಕೂಡಿಕೊಂಡು ವೇದಾವತಿಯಾಗುತ್ತದೆ. ಹಿರಿಯೂರಿನ ಬಳಿ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರಕ್ಕೆ, ಅಂದರೆ ಮಾರಿಕಣಿವೆಗೆ, ಬರುವುದು ಇದೇ ನದಿ. 1933ರ ನಂತರ ಮತ್ತೆ 2022ರಲ್ಲಿ ಆ ಜಲಾಶಯ ಕೋಡಿ ಬಿದ್ದಾಗ ಚಿತ್ರದುರ್ಗ ಜಿಲ್ಲೆಯ ಜನ ಸಂಭ್ರಮಪಟ್ಟಿದ್ದು ಅನೇಕರಿಗೆ ನೆನಪಿರಬಹುದು.

ಪ್ರಶ್ನೆ: ಹಕ್ಕಿ ನೋಡುವ ಹವ್ಯಾಸ ನಮ್ಮ ಮನೆಯವರೆಲ್ಲರಿಗೂ ಇದೆ. ಅಯ್ಯನಕೆರೆಗೆ ಯಾವ ತಿಂಗಳಲ್ಲಿ ಹೋಗಬೇಕು? ಕಾಡುಪ್ರಾಣಿಗಳ ಭಯವಿದೆಯೇ?
– ಓದುಗರೊಬ್ಬರು, ಅರಸೀಕೆರೆ

ಉತ್ತರ: ಕೆರೆ ತುಂಬಿರುವಾಗ ಚೆಲುವು ಹೆಚ್ಚು, ಹಕ್ಕಿ ಕಡಿಮೆ. ಬೆಟ್ಟದ ಮೇಲಿನ ಮಳೆ ಜೋರಾದ ಮೇಲೆ ನೀರು ಅಂಚಿನವರೆಗೂ ಬಂದಾಗ, ಕಾಲೂರಿ ಮೀನು ಹಿಡಿಯುವ ಬಕ, ಬೆಳ್ಳಕ್ಕಿ, ಕೊಕ್ಕರೆಗಳಿಗೆ ನಿಲ್ಲಲು ಜಾಗವೇ ಇರುವುದಿಲ್ಲ. ಮಳೆ ನಿಂತು ನೀರು ಇಳಿಯತೊಡಗಿ, ಅಂಚಿನಲ್ಲಿ ಕೆಸರು ತೆರೆದುಕೊಂಡ ಮೇಲೆ ಅವು ಬರುತ್ತವೆ. ಉತ್ತರದಿಂದ ವಲಸೆ ಬರುವ ಹಕ್ಕಿಗಳ ಕಾಲವೂ ಅದೇ. ಆದ್ದರಿಂದ ಡಿಸೆಂಬರಿನಿಂದ ಫೆಬ್ರುವರಿಯವರೆಗೆ, ಬೆಳಗು ಹರಿಯುವ ಹೊತ್ತಿಗೆ ಏರಿಯ ಮೇಲಿರುವಂತೆ ಹೊರಡಿ. ಸೂರ್ಯ ಬೆನ್ನ ಹಿಂದೆ ಇರುವುದರಿಂದ ಬೆಟ್ಟದ ಕಡೆಯ ದಡ ದುರ್ಬೀನಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ನೀರುಕಾಗೆಗಳು ರೆಕ್ಕೆ ಬಿಡಿಸಿ ಒಣಗಿಸಿಕೊಳ್ಳುವುದನ್ನೂ, ಕಪ್ಪು ಬಿಳುಪಿನ ಮಿಂಚುಳ್ಳಿ ಗಾಳಿಯಲ್ಲಿ ನಿಂತಲ್ಲೇ ರೆಕ್ಕೆ ಬಡಿಯುತ್ತ ನೇರ ನೀರಿಗೆ ಬೀಳುವುದನ್ನೂ ನೋಡಲು ಸಿದ್ಧವಾಗಿ ಹೋಗಿ.

ಇನ್ನೂ ಒಂದು ದಿನ ಕೈಯಲ್ಲಿದ್ದರೆ ಗಿರಿಶ್ರೇಣಿಯ ಆಚೆಗಿರುವ ಲಕ್ಕವಳ್ಳಿಗೆ ಹೋಗಬಹುದು. ಭದ್ರಾ ಜಲಾಶಯದ ನೀರು ಇಳಿದು ನಡುಗಡ್ಡೆಗಳು ತಲೆಯೆತ್ತಿದ ಮೇಲೆ, ಬೇಸಿಗೆಯಲ್ಲಿ ಅಲ್ಲಿ ಸಾವಿರಾರು ನದಿ ರೀವ (ರಿವರ್ ಟರ್ನ್) ಹಕ್ಕಿಗಳು ಬರಿನೆಲದ ಮೇಲೆಯೇ ಮೊಟ್ಟೆಯಿಟ್ಟು ಮರಿ ಮಾಡುತ್ತವೆ. ದೋಣಿಯನ್ನು ನಡುಗಡ್ಡೆಗೆ ತೀರ ಹತ್ತಿರ ಒಯ್ಯಲು ಒತ್ತಾಯಿಸಬೇಡಿ ಎಂದು ಕೈಮುಗಿದು ಕೇಳುತ್ತೇನೆ. ತಾಯಿ ಹಕ್ಕಿ ಬೆದರಿ ಎದ್ದರೆ, ಆ ಬಿಸಿಲಿಗೆ ಮೊಟ್ಟೆ ಕೆಡಲು ಹೆಚ್ಚು ಹೊತ್ತು ಬೇಕಿಲ್ಲ.

ಪ್ರಾಣಿಗಳ ವಿಷಯಕ್ಕೆ ಬಂದರೆ, ಈ ಸೀಮೆಯ ಗುಡ್ಡಗಳಲ್ಲಿ ಚಿರತೆ, ಕರಡಿಗಳಿವೆ. ಶ್ರೇಣಿಯ ಪಶ್ಚಿಮಕ್ಕೆ 1998ರಲ್ಲಿ ಹುಲಿ ಯೋಜನೆಗೆ ಸೇರಿದ ಭದ್ರಾ ಅಭಯಾರಣ್ಯವಿದೆ. ಹಗಲಿನಲ್ಲಿ ಏರಿಯ ಮೇಲೆ ಇರುವವರು ಹೆದರಬೇಕಾಗಿಲ್ಲ. ಸಂಜೆ ಕತ್ತಲಾದ ಮೇಲೆ ದಡದಲ್ಲಿ ಉಳಿಯಬೇಡಿ, ಗುಡ್ಡದ ಕಡೆಗೆ ಕಾಲುದಾರಿ ಹುಡುಕಿಕೊಂಡು ಹೋಗಬೇಡಿ. ಅದು ಅವು ನೀರಿಗೆ ಬರುವ ಹೊತ್ತು, ಅವುಗಳ ದಾರಿ.

ಪ್ರಶ್ನೆ: ಕೆರೆಯಲ್ಲಿ ಈಜಬಹುದೇ? ಕೋಡಿಯ ಮೇಲೆ ನಿಂತು ಚಿತ್ರ ತೆಗೆಯಬಹುದೇ?
– ಕಾಲೇಜು ವಿದ್ಯಾರ್ಥಿಯೊಬ್ಬರು, ಹಾಸನ

ಉತ್ತರ: ಎರಡೂ ಬೇಡ. ಕಣಿವೆಯನ್ನು ತುಂಬಿದ ಕೆರೆಯಾದ್ದರಿಂದ ದಡದಿಂದ ಕೆಲವೇ ಹೆಜ್ಜೆಗಳಲ್ಲಿ ಆಳ ಥಟ್ಟನೆ ಹೆಚ್ಚಬಹುದು, ತೂಬಿನ ಹತ್ತಿರ ನೀರಿನ ಸೆಳೆತವೂ ಇರುತ್ತದೆ. ಕೋಡಿಯ ಕಲ್ಲುಗಳು ಪಾಚಿ ಕಟ್ಟಿ ಜಾರುತ್ತವೆ, ಅಲ್ಲಿ ಬಿದ್ದವರನ್ನು ಹಿಡಿಯಲು ಏನೂ ಸಿಗುವುದಿಲ್ಲ. ಚಿತ್ರವನ್ನು ಏರಿಯ ಮೇಲಿನಿಂದಲೇ ತೆಗೆಯಿರಿ. ಏರಿಯ ಇಳಿಜಾರಿನಲ್ಲಿ ಗುಂಡಿ ತೋಡಿ ಒಲೆ ಹೂಡುವುದನ್ನೂ, ಕಲ್ಲು ಕಿತ್ತು ನೀರಿಗೆ ಎಸೆಯುವುದನ್ನೂ ದಯವಿಟ್ಟು ಬಿಡಿ. ಮೇಲಿನ ಉತ್ತರದಲ್ಲಿ ಏಡಿಯ ಬಿಲದ ಬಗ್ಗೆ ಬರೆದದ್ದು ಮನುಷ್ಯರು ತೋಡಿದ ಗುಂಡಿಗೂ ಅನ್ವಯಿಸುತ್ತದೆ. ಹಾಸನದಿಂದ ಬರುವುದಾದರೆ ಬೇಲೂರು, ಚಿಕ್ಕಮಗಳೂರು ದಾಟಿ ಕಡೂರು ರಸ್ತೆಯಲ್ಲಿ ಸಖರಾಯಪಟ್ಟಣಕ್ಕೆ ಬಂದು ಕೆರೆಯ ದಾರಿ ಹಿಡಿಯಬೇಕು. ಊಟ, ಕುಡಿಯುವ ನೀರನ್ನು ಪಟ್ಟಣದಲ್ಲಿಯೇ ನೋಡಿಕೊಳ್ಳಿ, ಖಾಲಿ ಬಾಟಲಿಗಳನ್ನು ವಾಪಸು ಅಲ್ಲಿಗೇ ತನ್ನಿ.