"ಓದಿಸಿದ್ದು ರೊಟ್ಟಿ ಮಾರ್ಲಿಕ್ಕೇನು?" – ಸಂಪಾದಕರ ಉತ್ತರ

ಈ ಪತ್ರ ಗದಗ ಜಿಲ್ಲೆಯ ಒಂದು ಹಳ್ಳಿಯಿಂದ ಬಂದಿದೆ. ಹೆಸರು ಹಾಕಬೇಡಿ ಅಂತ ಕೇಳಿದಾರೆ, ಹಾಕಲ್ಲ. ನಾಲ್ಕು ಪುಟದ ಪತ್ರ, ಮುಖ್ಯವಾದಷ್ಟು ಮಾತ್ರ ಇಲ್ಲಿ ಕೊಡ್ತಿದೀನಿ:

"ಸರ್, ನನಗೀಗ 29. ಎಂ.ಎ. ಮುಗಿಸಿ ಐದು ವರ್ಷ ಆತು. ಧಾರವಾಡದ ಸಪ್ತಾಪುರದಾಗ ರೂಮ್ ಮಾಡ್ಕೊಂಡು ಕೆಪಿಎಸ್‌ಸಿ, ಪಿಎಸ್‌ಐ, ಎಫ್‌ಡಿಎ ಎಲ್ಲಾ ಬರದೆ. ಎರಡ್ ಸಲ ಸ್ವಲ್ಪದಾಗ ಹೋತು. ಊರಾಗ ಅವ್ವ ಇಬ್ಬರು ಹೆಣ್ಮಕ್ಕಳನ್ನ ಕರ್ಕೊಂಡು ದಿನಾ 300 ಜ್ವಾಳದ ರೊಟ್ಟಿ ಬಡಿದು ಖಾನಾವಳಿಗೆ 7 ರೂಪಾಯಿಗೊಂದರಂಗ ಕೊಡ್ತಾಳ. ತಿಂಗಳಾ 54 ಸಾವಿರ ಲಾಭ ಐತಿ. ನಾನೂ ಬಂದು ಇದನ್ನ ದೊಡ್ಡದು ಮಾಡ್ತೀನಿ, ಒಂದು ಲಕ್ಷ ಕೊಡು ಅಂದ್ರ ಅಪ್ಪ 'ಓದಿಸಿದ್ದು ರೊಟ್ಟಿ ಮಾರ್ಲಿಕ್ಕೇನು' ಅಂತ ಊಟ ಬಿಟ್ಟು ಎದ್ದ. ನೀವರ ಹೇಳ್ರಿ, ನೌಕರಿಗೆ ಇನ್ನೊಂದೆರಡು ವರ್ಷ ಕಾಯಬೇಕೋ, ಇದಕ್ಕ ಇಳೀಬೇಕೋ?"

ತಮ್ಮಾ, ಇಳೀರಿ. ಉತ್ತರ ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ನಿಮ್ಮ ಪತ್ರ ಓದಿ ಎರಡು ದಿನ ಬೇರೆ ಕೆಲಸ ಮಾಡೋಕೇ ಆಗ್ಲಿಲ್ಲ, ಇದೇ ಪತ್ರ ಬೇರೆ ಬೇರೆ ಊರಿಂದ, ಬೇರೆ ಬೇರೆ ಕೈಬರಹದಲ್ಲಿ ನನ್ನ ಟೇಬಲ್ ಮೇಲೆ ಹತ್ತು ವರ್ಷದಿಂದ ಬರ್ತಾನೇ ಇದೆ.

ನೌಕರಿ ಬಗ್ಗೆ ಮೊದಲು ಒಂದು ಮಾತು, ಇಲ್ಲಾಂದ್ರೆ ನಿಮ್ಮ ಅಪ್ಪಾವ್ರಿಗೆ ಅನ್ಯಾಯ ಮಾಡಿದಂಗಾಗುತ್ತೆ. ತಿಂಗಳ ಸಂಬಳಕ್ಕೆ ಒಂದು ಶಕ್ತಿ ಇದೆ. 1994ರಲ್ಲಿ ನಾನು ನಿಮ್ಮ ಗದಗದಲ್ಲೇ ಒಂದು ಪ್ರೆಸ್ಸಲ್ಲಿ ಅಚ್ಚಿನ ಮೊಳೆ ಜೋಡಿಸ್ತಿದ್ದೆ. ಸ್ವಂತಕ್ಕೆ ಸೆಕೆಂಡ್‌ಹ್ಯಾಂಡ್ ಟ್ರೆಡಲ್ ಮಷೀನ್ ತಗೋಬೇಕು ಅಂತ ಬ್ಯಾಂಕಿಗೆ ಹೋದ್ರೆ ಮ್ಯಾನೇಜರ್ "ಸಂಬಳ ಇರೋರು ಯಾರಾದ್ರೂ ಸಹಿ ಹಾಕ್ತಾರಾ" ಅಂತ ಒಂದೇ ಪ್ರಶ್ನೆ ಕೇಳಿ ಮೂರು ಸಲ ವಾಪಸ್ ಕಳ್ಸಿದ್ರು. ಕೊನೆಗೆ ನಮ್ಮೂರಿನ ಪ್ರೈಮರಿ ಸ್ಕೂಲ್ ಮಾಸ್ತರು ಪಗಾರದ ಚೀಟಿ ತಂದು ಜಾಮೀನು ಬಿದ್ದರು. ಅವರು ಇಲ್ದಿದ್ರೆ ಪ್ರೆಸ್ ಇಲ್ಲ, ಈ ಪತ್ರಿಕೆ ಇಲ್ಲ. ಆದ್ರಿಂದ ನೌಕರಿ ಕೆಟ್ಟದ್ದು ಅಂತ ನಾನು ಹೇಳಲ್ಲ, ಸಿಕ್ಕವರು ಚೆನ್ನಾಗಿ ಮಾಡ್ಲಿ.

ಆದ್ರೆ ನಿಮ್ಮ ಪತ್ರದಲ್ಲಿರೋದು ನೌಕರಿಗೆ ಕಾಯೋ ಕಥೆ, ನೌಕರಿ ಇನ್ನೂ ಸಿಕ್ಕಿಲ್ಲ. ಕಾಯೋದಕ್ಕೂ ದುಡ್ಡು ಬೇಕಲ್ಲ, ಅದನ್ನ ಮನೇಲಿ ಯಾರಾದ್ರೂ ಲೆಕ್ಕ ಹಾಕಿದಾರಾ? ರೂಮ್ ಬಾಡಿಗೆ, ಮೆಸ್ಸು, ಲೈಬ್ರರಿ ಫೀ ಎಲ್ಲಾ ಸೇರಿ ತಿಂಗಳಿಗೆ 7 ಸಾವಿರ ಅಂತ ಪತ್ರದ ಮೂರನೇ ಪುಟದಲ್ಲಿ ನೀವೇ ಬರ್ದಿದೀರಿ. ಐದು ವರ್ಷಕ್ಕೆ 4 ಲಕ್ಷ 20 ಸಾವಿರ ಆಯ್ತು, ಕೋಚಿಂಗ್ ಫೀ ಬೇರೆ. ಇಷ್ಟನ್ನೂ ನಿಮ್ಮ ಅಪ್ಪ ಒಂದು ದಿನ ಮುಖ ಸಿಂಡರಿಸದೆ ಕೊಟ್ಟಿದಾರೆ, ದೊಡ್ಡ ಮನಸ್ಸು. ಅದೇ ಅಪ್ಪ ರೊಟ್ಟಿ ಕೆಲಸಕ್ಕೆ ಒಂದು ಲಕ್ಷ ಅಂದ ತಕ್ಷಣ ಊಟ ಬಿಟ್ಟು ಎದ್ದರು. ನಂಗೆ ಹೊಟ್ಟೆ ಉರಿಯೋದು ಇಲ್ಲೇ. ನಮ್ಮ ಮನೆಗಳಲ್ಲಿ ಮಗ ಕಾಯ್ತಾ ಕೂರೋಕೆ ಹೊಲ ಒತ್ತೆ ಇಟ್ಟಾದ್ರೂ ದುಡ್ಡು ಹೊಂದಿಸ್ತಾರೆ, ಅದೇ ಮಗ ಏನಾದ್ರೂ ಶುರು ಮಾಡ್ತೀನಿ ಅಂದ್ರೆ ಮನೇಲಿ ನಯಾಪೈಸೆ ಇರಲ್ಲ.

ಇನ್ನು ಕಾಯಿಸೋರು ಹೆಂಗೆ ಕಾಯಿಸ್ತಾರೆ ಅಂತ ನಿಮಗೆ ನಾನು ಹೇಳಬೇಕಾ. 545 ಪಿಎಸ್‌ಐ ಹುದ್ದೆಗೆ 2021ರ ಅಕ್ಟೋಬರಲ್ಲಿ ಪರೀಕ್ಷೆ ಆಯ್ತು, ಅಕ್ರಮ ಹೊರಗೆ ಬಂದು 2022ರ ಏಪ್ರಿಲಲ್ಲಿ ರದ್ದಾಯ್ತು, ಮರುಪರೀಕ್ಷೆ ಆಗಿದ್ದು 2024ರ ಜನವರಿಗೆ. ಪ್ರಾಮಾಣಿಕವಾಗಿ ಬರೆದು ಪಾಸಾಗಿದ್ದ ಹುಡುಗರ ಎರಡು ಚಿಲ್ಲರೆ ವರ್ಷಕ್ಕೆ ಯಾರು ಹೊಣೆ? ಕೆಪಿಎಸ್‌ಸಿ 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗೆ 2024ರ ಆಗಸ್ಟ್ 27ಕ್ಕೆ ಪ್ರಿಲಿಮ್ಸ್ ಮಾಡಿತು, ಕನ್ನಡ ಪ್ರಶ್ನೆಪತ್ರಿಕೆ ತುಂಬಾ ಅನುವಾದದ ತಪ್ಪು, ಗಲಾಟೆ ಆಗಿ ಡಿಸೆಂಬರ್ 29ಕ್ಕೆ ಮತ್ತೆ ಪರೀಕ್ಷೆ ಇಟ್ಟರು, ಅದರಲ್ಲೂ ಕನ್ನಡ ತಪ್ಪು! ಕರ್ನಾಟಕದ ಅಧಿಕಾರಿಗಳನ್ನ ಆರಿಸೋ ಪರೀಕ್ಷೆಯಲ್ಲಿ ಕನ್ನಡದಲ್ಲಿ ಓದಿದ ಹಳ್ಳಿ ಹುಡುಗ ಪ್ರಶ್ನೆ ಅರ್ಥ ಮಾಡ್ಕೊಳ್ಳೋಕೆ ಪಕ್ಕದ ಇಂಗ್ಲಿಷ್ ಓದಬೇಕು ಅಂದ್ರೆ ಇದಕ್ಕಿಂತ ಅವಮಾನ ಇನ್ನೇನಿದೆ. ಅದೇ ಹೊತ್ತಿಗೆ ಪರಿಶಿಷ್ಟ ಜಾತಿಗಳ ಒಳಮೀಸಲಾತಿ ತೀರ್ಮಾನ ಆಗೋವರೆಗೆ ಹೊಸ ನೋಟಿಫಿಕೇಶನ್ ಇಲ್ಲ ಅಂತ 2024ರ ಅಕ್ಟೋಬರ್ ಕೊನೆಗೆ ಸಂಪುಟ ತೀರ್ಮಾನ ಮಾಡಿತು. ಒಳಮೀಸಲಾತಿ ನ್ಯಾಯವಾದದ್ದೇ, ಬರಬೇಕಿತ್ತು, ಆದ್ರೆ ರಾಜ್ಯದಲ್ಲಿ ಎರಡೂವರೆ ಲಕ್ಷಕ್ಕೂ ಜಾಸ್ತಿ ಹುದ್ದೆ ಖಾಲಿ ಬಿದ್ದಿರುವಾಗ ವಯಸ್ಸು ಮಾತ್ರ ಯಾರಿಗೂ ಕಾಯಲ್ಲ. ಇಷ್ಟೆಲ್ಲಾ ಆಗಿ ನೌಕರಿ ಸಿಕ್ತು ಅಂತಾನೇ ಇಟ್ಕೊಳ್ಳಿ, ಅಪ್ಪಾವ್ರ ತಲೇಲಿರೋ ಪಿಂಚಣಿ ಹಳೇ ಕಾಲದ್ದು, 2006ರ ಏಪ್ರಿಲ್ 1ರಿಂದ ಈಚೆಗೆ ಸೇರಿದವರಿಗೆ ಎನ್‌ಪಿಎಸ್, ಅಂದ್ರೆ ತಿಂಗಳಾ ಸಂಬಳದಲ್ಲಿ ಹಿಡಿದು ಕೂಡಿಡೋದು, ಹಳೇ ಥರದ ನಿಗದಿತ ಪಿಂಚಣಿ ಇಲ್ಲ.

ಈಗ ನಿಮ್ಮನ್ನ ಸ್ವಲ್ಪ ಬೈಬೇಕು. "ತಿಂಗಳಾ 54 ಸಾವಿರ ಲಾಭ" ಅಂತ ಬರ್ದಿದೀರಲ್ಲ, ಎಂ.ಎ. ಮಾಡಿದವರು ನೀವು, ಅದು ಲಾಭ ಅಲ್ಲಪ್ಪಾ, ವ್ಯಾಪಾರ. 300 ರೊಟ್ಟಿ, 7 ರೂಪಾಯಿ, 2,100 ಆಯ್ತು, 26 ದಿನಕ್ಕೆ 54,600, ಸರಿ. ಖರ್ಚು ಎಲ್ಲಿ ಬರ್ದಿದೀರಿ? ಕಿಲೋ ಹಿಟ್ಟಿಗೆ ಹದಿನಾರು ಹದಿನೇಳು ರೊಟ್ಟಿ ಹಿಡಿದ್ರೆ ದಿನಕ್ಕೆ 18 ಕಿಲೋ ಹಿಟ್ಟು ಬೇಕು. ಒಳ್ಳೇ ಬಿಳಿಜೋಳ, ಬೀಸಿದ ಕೂಲಿ ಸೇರಿ ಕಿಲೋಗೆ 50 ಅಂದ್ರೂ 900. ಇಬ್ಬರು ಹೆಣ್ಮಕ್ಕಳಿಗೆ 350ರಂತೆ 700. ಕಟ್ಟಿಗೆ, ಗ್ಯಾಸು 200. ಒಟ್ಟು 1,800. ಉಳಿದದ್ದು 300 ರೂಪಾಯಿ. ಬೆಳಗಿನ ಐದಕ್ಕೆ ಎದ್ದು ಒಲೆ ಮುಂದೆ ಕೂತ್ಕೊಳ್ಳೋ ನಿಮ್ಮ ಅವ್ವಗೆ ಸಿಗ್ತಿರೋದು ಅಷ್ಟು, ಅವರು ಕೂಲಿ ಕೊಡೋ ಹೆಣ್ಮಕ್ಕಳಿಗಿಂತ 50 ರೂಪಾಯಿ ಕಮ್ಮಿ. ಈ ಲೆಕ್ಕ ಬರೆದ ಮೇಲೆ ಪೆನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಹಂಗಾದ್ರೆ ಇಳೀರಿ ಅಂತ ಯಾಕೆ ಹೇಳ್ತಿದೀನಿ? ಯಾಕಂದ್ರೆ ನೀವು ಅಲ್ಲಿ ಇಲ್ಲದೇ ಇರೋದ್ರಿಂದಾನೇ ಈ ಲೆಕ್ಕ ಹಿಂಗಿದೆ. ರೊಟ್ಟಿ ಬಡಿಯೋದೂ ಅವ್ವನೇ, ಖಾನಾವಳಿಯವನ ಜತೆ ರೇಟು ಮಾತಾಡೋದೂ ಅವರೇ, ಸಂಜೆ ಬಾಕಿ ಕೇಳೋಕೆ ಹೋಗೋದೂ ಅವರೇ, ಅವನು ಹೇಳಿದ ರೇಟಿಗೆ ಹ್ಞೂಂ ಅನ್ನದೆ ಬೇರೆ ದಾರಿ ಇಲ್ಲ. ಮೆತ್ತನೆ ರೊಟ್ಟಿ ಅವತ್ತೇ ಹೋಗಬೇಕು, ಆದ್ದರಿಂದ ಕೊಳ್ಳೋನ ಮಾತೇ ಮೇಲು. ಖಡಕ್ ರೊಟ್ಟಿ ಹಂಗಲ್ಲ, ತಿಂಗಳಾನುಗಟ್ಲೆ ಇರುತ್ತೆ, ಬೆಂಗಳೂರಿಗೆ ಹೋಗುತ್ತೆ, ಪುಣೆಗೆ ಹೋಗುತ್ತೆ. 300ರಲ್ಲಿ 100 ಮಾತ್ರ ಖಡಕ್ ಮಾಡಿ ಹತ್ತತ್ತು ಪ್ಯಾಕ್ ಕಟ್ಟಿ ಒಂದಕ್ಕೆ 9ರಂತೆ ನೇರವಾಗಿ ಮನೆಗಳಿಗೆ ಮಾರಿದ್ರೂ ದಿನಕ್ಕೆ 200 ಜಾಸ್ತಿ, ಪ್ಯಾಕಿಂಗ್ ಖರ್ಚಿಗೆ ದಿನಕ್ಕೆ ಒಂದು 40 ಕಳೆಯಿರಿ, ಅವ್ವನ 300 ಇದ್ದದ್ದು 460 ಆಗುತ್ತೆ. ಜತೆಗೆ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಹಿಂಡಿ ಇಟ್ರೆ ನಿಜವಾದ ಲಾಭ ಅಲ್ಲಿದೆ, ರೊಟ್ಟಿ ಕೊಂಡೋರು ಚಟ್ನಿ ಬಿಟ್ಟು ಹೋಗಲ್ಲ. ಐದು ವರ್ಷ ಅಷ್ಟು ದಪ್ಪ ಪುಸ್ತಕ ಓದಿ ನೆನಪಿಟ್ಕೊಂಡ ತಲೆ ನಿಮ್ಮದು, ಅದನ್ನ ಈ ಲೆಕ್ಕಕ್ಕೆ ಹಚ್ಚಿ ನೋಡಿ.

ಸ್ವಂತ ಉದ್ಯೋಗ ಅಂದ ಕೂಡಲೇ ಎಲ್ಲರೂ ನಿಮ್ಮ ಗದಗದವರೇ ಆದ ವಿಜಯ ಸಂಕೇಶ್ವರರ ಹೆಸರು ಹೇಳ್ತಾರೆ, 1976ರಲ್ಲಿ ಒಂದು ಲಾರಿಯಿಂದ ಶುರು ಮಾಡಿದ್ದು ಸಣ್ಣ ಮಾತಲ್ಲ. ಆದ್ರೆ ನಂಗೆ ಇನ್ನೂ ಹತ್ತಿರ ಅನ್ಸೋರು ಬಾದಾಮಿ ಬನಶಂಕರಿ ಗುಡಿ ಹತ್ತಿರ ಬುಟ್ಟಿ ಇಟ್ಕೊಂಡು ಕೂರೋ ಅವ್ವಂದಿರು. ಹೋಗಿದ್ರೆ ನೋಡಿರ್ತೀರಿ, ರೊಟ್ಟಿ, ಪಲ್ಯ, ಚಟ್ನಿ, ಸಣ್ಣ ಮಡಿಕೇಲಿ ಮೊಸರು, ಗಿಡದ ನೆರಳಲ್ಲಿ ಕೂರಿಸಿ ಕೈಗೆ ಕೊಟ್ಟು "ಇನ್ನೊಂದು ಹಾಕ್ಲೇನಪ್ಪಾ" ಅಂತ ಕೇಳ್ತಾರೆ. ಯಾವ ಬ್ಯಾಂಕಿನ ಸಾಲ, ಯಾವ ಬೋರ್ಡು? ನಾನು ಒಬ್ಬರನ್ನ ಕೇಳಿದ್ದೆ, ಆಕೆ ಅತ್ತೆನೂ ಅಲ್ಲೇ ಕೂರ್ತಿದ್ರಂತೆ, ಎರಡು ಹೆಣ್ಮಕ್ಕಳ ಮದುವೆ ಆ ಬುಟ್ಟಿಯಿಂದಾನೇ ಆಯ್ತಂತೆ. ಅದು ಉದ್ಯಮ ಅಲ್ಲ ಅಂತ ಯಾರಾದ್ರೂ ಹೇಳಿದ್ರೆ ನಾನು ಜಗಳಕ್ಕೇ ನಿಲ್ತೀನಿ.

ದುಡ್ಡಿನ ವಿಷಯಕ್ಕೂ ದೂರ ಹೋಗಬೇಕಿಲ್ಲ. ನಿಮ್ಮ ಜಿಲ್ಲೆಯ ಕಣಗಿನಹಾಳದಲ್ಲೇ ಅಲ್ವಾ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಪತ್ತಿನ ಸಂಘ ಕಟ್ಟಿದ್ದು, ಈ ನಾಡಿನ ಸಹಕಾರಿ ಚಳವಳಿ ಬೇರು ಬಿಟ್ಟಿದ್ದೇ ಅಲ್ಲಿ. ಉಡುಪಿಯಲ್ಲಿ 1925ರಲ್ಲಿ 8 ಸಾವಿರ ರೂಪಾಯಿ ಬಂಡವಾಳದಲ್ಲಿ ಶುರುವಾದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ತಂತು, ಏಜೆಂಟ್ ದಿನಾ ಮನೆ ಬಾಗಿಲಿಗೆ ಬಂದು ಎರಡಾಣೆ ತಗೊಂಡು ಹೋಗ್ತಿದ್ದ. ಮೀನು ಮಾರೋರು, ನೇಕಾರರು, ಗೂಡಂಗಡಿಯವರ ಎರಡೆರಡು ಆಣೆ ಸೇರಿ ದೇಶಕ್ಕೇ ಗೊತ್ತಾದ ಬ್ಯಾಂಕಾಯ್ತು. 2020ರಲ್ಲಿ ಅದನ್ನ ಕೆನರಾ ಬ್ಯಾಂಕಲ್ಲಿ ಸೇರಿಸಿ ಹೆಸರನ್ನೇ ಅಳಿಸಿದ್ರು. ವಿಜಯಾ ಬ್ಯಾಂಕು, ಕಾರ್ಪೊರೇಷನ್ ಬ್ಯಾಂಕಿನ ಗತಿಯೂ ಅದೇ, ನಮ್ಮ ಕರಾವಳಿ ಕಟ್ಟಿದ ಮೂರು ಬ್ಯಾಂಕು ಎರಡು ವರ್ಷದೊಳಗೆ ಬೋರ್ಡಿನಿಂದ ಮಾಯ. ಈಗ ಕೌಂಟರಿಗೆ ಹೋಗಿ ಕನ್ನಡದಲ್ಲಿ ಸಾಲ ಕೇಳಿದ್ರೆ ಆ ಕಡೆಯಿಂದ ಹಿಂದೀಲಿ ಉತ್ತರ ಬರುತ್ತೆ. ಸಣ್ಣ ವ್ಯಾಪಾರದವರ ಎರಡಾಣೆಯಿಂದ ಬೆಳೆದ ಬ್ಯಾಂಕಿಂಗು ಇವತ್ತು ಅದೇ ಸಣ್ಣ ವ್ಯಾಪಾರದವರ ಭಾಷೆ ತಿಳಿದವರನ್ನ ಕೂರಿಸಲ್ಲ ಅನ್ನೋದು ನಂಗೆ ಬಹಳ ನೋವಿನ ಸಂಗತಿ, ಈ ಅಂಕಣದಲ್ಲಿ ಎಷ್ಟು ಸಲ ಬರ್ದಿದೀನೋ.

ಇರ್ಲಿ, ಆದ್ರೂ ಬ್ಯಾಂಕಿಗೆ ಹೋಗಿ. 2015ರಿಂದ ಮುದ್ರಾ ಸಾಲ ಇದೆ, 50 ಸಾವಿರದವರೆಗೆ ಶಿಶು, ಅದರ ಮೇಲೆ 5 ಲಕ್ಷದವರೆಗೆ ಕಿಶೋರ, ಜಾಮೀನು ಕೇಳೋ ಹಾಗಿಲ್ಲ. ಕೇಳಿದ್ರೆ "ಇದಕ್ಕೆ ಜಾಮೀನು ಇಲ್ಲ ಸರ್" ಅಂತ ನಿಂತು ಹೇಳಿ, ನಾನು 1994ರಲ್ಲಿ ಹೇಳೋಕಾಗದೆ ವಾಪಸ್ ಬಂದೆ, ನೀವು ಬರಬೇಡಿ. ತಿನ್ನೋ ಪದಾರ್ಥದ ಸಣ್ಣ ಘಟಕಗಳಿಗೇ ಅಂತ 2020ರಲ್ಲಿ ಪಿಎಂಎಫ್‌ಎಂಇ ಅಂತ ಒಂದು ಸ್ಕೀಮ್ ಬಂತು, ಕೇಂದ್ರದ ಸಬ್ಸಿಡಿ 35 ಪರ್ಸೆಂಟಿಗೆ ನಮ್ಮ ರಾಜ್ಯ 15 ಸೇರಿಸಿ ಅರ್ಧಕ್ಕರ್ಧ ಮಾಡಿತ್ತು. ರೊಟ್ಟಿ ಮಷೀನು, ಹಿಟ್ಟಿನ ಗಿರಣಿ ಹಾಕಿದವರು ಇದರಲ್ಲಿ ತುಂಬಾ ಜನ ಇದಾರೆ, ಈಗ ಅರ್ಜಿ ತಗೊಳ್ತಾ ಇದಾರಾ ಅಂತ ಗದಗದ ಕೃಷಿ ಇಲಾಖೆ ಜಂಟಿ ನಿರ್ದೇಶಕರ ಆಫೀಸಲ್ಲಿ ವಿಚಾರಿಸಿ. ಮಷೀನ್ ಮಾತ್ರ ಮೊದಲೇ ತರಬೇಡಿ, ಗಿರಾಕಿ ಆಗೋಕೆ ಮುಂಚೆ ಮಷೀನ್ ತಂದು ಕಂತು ಕಟ್ಟೋಕಾಗದೆ ಮುಚ್ಚಿದವರನ್ನ ನೋಡಿದೀನಿ. ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಹೆಸರು ಬರೆಸೋ ಉದ್ಯಮ್ ರಿಜಿಸ್ಟ್ರೇಷನ್ ಪುಕ್ಕಟೆ, ಏಜೆಂಟ್ ಸಾವಿರ ಎರಡು ಸಾವಿರ ಕೇಳಿದ್ರೆ ಕೊಡಬೇಡಿ. ಆಹಾರ ಸುರಕ್ಷತೆಯ ನೋಂದಣಿ ಮನೇಲಿ ಮಾಡಿ ಮಾರೋರಿಗೂ ಬೇಕು, ಅದನ್ನ ತಪ್ಪಿಸಬೇಡಿ. ಧಾರವಾಡದಲ್ಲೇ ಇದೀರಲ್ಲ, ಅಲ್ಲಿ ರುಡ್‌ಸೆಟ್ ಅಂತ ಸ್ವಂತ ಉದ್ಯೋಗ ಕಲಿಸೋ ಸಂಸ್ಥೆ ಇದೆ, 1982ರಲ್ಲಿ ಧರ್ಮಸ್ಥಳದ ಹೆಗ್ಗಡೆಯವರು ಎರಡು ಬ್ಯಾಂಕಿನ ಜತೆ ಸೇರಿ ಉಜಿರೆಯಲ್ಲಿ ಶುರು ಮಾಡಿದ್ದು, ಆಮೇಲೆ ದೇಶದ ಜಿಲ್ಲೆ ಜಿಲ್ಲೆಗೂ ಅದೇ ಮಾದರಿ ಹೋಯ್ತು. ಊಟ, ವಸತಿ, ತರಬೇತಿ ಎಲ್ಲಾ ಫ್ರೀ. ಸಪ್ತಾಪುರದ ರೂಮ್ ಖಾಲಿ ಮಾಡೋಕೆ ಮುಂಚೆ ಅಲ್ಲಿ ಹೋಗಿ ಬನ್ನಿ.

ಜಿಎಸ್‌ಟಿ ಭಯ ಅಂತ ಕೊನೇ ಸಾಲಲ್ಲಿ ಬರ್ದಿದೀರಿ. ಭಯ ಹುಟ್ಟಿಸಿದ್ದು ಯಾರು ಅಂತ ಗೊತ್ತು. 2025ರ ಜುಲೈಯಲ್ಲಿ ಫೋನ್‌ಪೇ, ಗೂಗಲ್‌ಪೇ ಲೆಕ್ಕ ಹಿಡಿದು ಬೇಕರಿ, ಕಾಂಡಿಮೆಂಟ್ಸ್, ಹಾಲು ತರಕಾರಿ ಮಾರೋರಿಗೆಲ್ಲಾ ನೋಟಿಸ್ ಕಳ್ಸಿದ್ರು, ಬೆಂಗಳೂರಲ್ಲಿ ಅಂಗಡಿಯವರು ಕ್ಯೂಆರ್ ಬೋರ್ಡನ್ನೇ ಕಿತ್ತು "ಕ್ಯಾಶ್ ಮಾತ್ರ" ಅಂತ ಚೀಟಿ ಅಂಟಿಸಿದ್ರು. ಡಿಜಿಟಲ್ ಮಾಡಿ ಡಿಜಿಟಲ್ ಮಾಡಿ ಅಂತ ಬೆನ್ನು ತಟ್ಟಿದ್ದೂ ಇದೇ ಸರ್ಕಾರಗಳಲ್ವಾ! ತಿಳಿಸಿ ಹೇಳೋ ಕೆಲಸ ಮೊದಲು ಮಾಡಬೇಕಿತ್ತು. ನಿಮ್ಮ ಮಟ್ಟಿಗೆ ಹೇಳೋದಾದ್ರೆ ರಾಜ್ಯದೊಳಗೇ ಸರಕು ಮಾರೋರಿಗೆ ವರ್ಷಕ್ಕೆ 40 ಲಕ್ಷದವರೆಗೆ ನೋಂದಣಿ ಬೇಡ, ನಿಮ್ಮದು ವರ್ಷಕ್ಕೆ ಆರೂವರೆ ಲಕ್ಷ ವ್ಯಾಪಾರ. ಪುಸ್ತಕದಲ್ಲಿ ದಿನದ ಲೆಕ್ಕ ಬರೆದಿಡಿ, ಯಾವ ನೋಟಿಸಿಗೂ ಹೆದರಬೇಕಿಲ್ಲ.

ಮದುವೆ ವಿಷಯ ನೀವು ಬರ್ದಿಲ್ಲ, ಆದ್ರೆ ಅಪ್ಪಾವ್ರ ಸಿಟ್ಟಿನ ಹಿಂದೆ ಅದಿದೆ ಅಂತ ಅನ್ಸುತ್ತೆ. ಹೆಣ್ಣು ಕೊಡೋರು ಗೌರ್ಮೆಂಟ್ ನೌಕರಿ ಕೇಳ್ತಾರೆ, ರೈತ ಬೇಡ, ಅಂಗಡಿಯವನು ಬೇಡ. ಮೇದಾರ, ಮಡಿವಾಳ, ಅಂಬಿಗ, ನುಲಿಯ ಅಂತ ಮಾಡೋ ಕಾಯಕವನ್ನೇ ಹೆಸರಿನ ಮುಂದೆ ಇಟ್ಕೊಂಡ ಶರಣರ ನಾಡು ಇದು, ಬಸವ ಜಯಂತಿ ದಿನ ಭಾಷಣ ಮಾಡಿದವರೇ ಮರುದಿನ ಬೀಗತನಕ್ಕೆ ಕೂತು ಹುಡುಗನ ಪಗಾರದ ಚೀಟಿ ಕೇಳ್ತಾರೆ. ಇದನ್ನ ನೀವೊಬ್ಬರೇ ಸರಿ ಮಾಡೋಕಾಗಲ್ಲ, ಅಪ್ಪನ ಜತೆ ಜಗಳನೂ ಬೇಡ. ಒಂದು ಲಕ್ಷ ಕೇಳೋದು ಬಿಡಿ. ಧಾರವಾಡಕ್ಕೆ ಕಳಿಸ್ತಿದ್ದ 7 ಸಾವಿರವನ್ನೇ ಆರು ತಿಂಗಳು ಇದಕ್ಕೆ ಕೊಡು ಅಂತ ಕೇಳಿ, 42 ಸಾವಿರ ಆಗುತ್ತೆ, ಜೋಳಕ್ಕೂ ಪ್ಯಾಕಿಂಗಿಗೂ ಸದ್ಯಕ್ಕೆ ಸಾಕು. ಪರೀಕ್ಷೆ ಬಂದ್ರೆ ಊರಿಂದಾನೇ ಹೋಗಿ ಬರೆದು ಬನ್ನಿ, ಬೇಡ ಅನ್ನೋನು ನಾನಲ್ಲ.

ಮತ್ತೆ ಈ ಉತ್ತರ ಅವ್ವಗೆ ಓದಿ ಹೇಳಿ, ಆ 300 ರೂಪಾಯಿ ಲೆಕ್ಕ ಮೊದಲು ಅವರ ಮುಂದೆ ಇಡಿ, ತಪ್ಪಿದ್ರೆ ಅವರೇ ತಿದ್ದಲಿ, ತಿದ್ದಿದ್ದನ್ನ ನನಗೆ ಬರೆದು ಕಳ್ಸಿ, ಮುಂದಿನ ಸಂಚಿಕೇಲಿ ಹಾಕ್ತೀನಿ. ನಮ್ಮ ಆಫೀಸಿನ ಐದು ಮನೆಗೆ ತಿಂಗಳಿಗೆ ಇನ್ನೂರು ಖಡಕ್ ರೊಟ್ಟಿ, ಎರಡು ಕಿಲೋ ಗುರೆಳ್ಳು ಚಟ್ನಿ ಬೇಕು, ಹುಬ್ಬಳ್ಳಿ ಬಸ್ಸಿಗೆ ಹಾಕಿದ್ರೆ ಸ್ಟ್ಯಾಂಡಿಗೆ ಬಂದು ತಗೊಳ್ತೀವಿ. ರೇಟು ಅವ್ವ ಹೇಳಿದಷ್ಟು.

– ಸಂಪಾದಕ